ಚರಂತಯ್ಯ ಐಗಳು ಹಳ್ಳ ದಾಟಿದ್ದು

ಯಾವ ಕಾಲದ ಮಾತೋ, ನನ್ನನ್ನು ಕೇಳಬೇಡಿ. ನಮ್ಮವ್ವನನ್ನು ಕೇಳಿದರೆ ಅವಳು ಅವರವ್ವನ ಕಡೆ ಕೈ ತೋರಿಸುತ್ತಿದ್ದಳು. ಬಹಳ ಹಿಂದೆ, ಇದೇ ಎರೆಹೊಲದ ಸೀಮೆಯಲ್ಲಿ, ಇದೇ ಹಳ್ಳದ ದಂಡೆಗೆ ಒಂದು ಊರಿತ್ತಂತೆ. ಆ ಊರಿಗೆ, ಅಂದರೆ ನಮ್ಮೂರಿಗೇ, ಒಬ್ಬ ಐಗಳು ಬಂದರಂತೆ. ಐಗಳು ಅಂದರೆ ಮಕ್ಕಳಿಗೆ ಅಕ್ಷರ ಕಲಿಸುವವರು. ಆಗ ಸಾಲೆ ಗೀಲೆ ಎಲ್ಲಿತ್ತು?

ಅವರ ಹೆಸರು ಚರಂತಯ್ಯ. ಕಾಲಿಗೆ ಚಕ್ರ ಕಟ್ಟಿಕೊಂಡೇ ಹುಟ್ಟಿದ ಮನುಷ್ಯ. ಅವರು ಕೂತು ಉಂಡದ್ದನ್ನು ಯಾರೂ ನೋಡಲಿಲ್ಲವಂತೆ. ರೊಟ್ಟಿ ಮುರಿದುಕೊಂಡು ಅಂಗಳದ ತುಂಬ ಅಡ್ಡಾಡುತ್ತಲೇ ಉಣ್ಣುವುದು. ಪಾಠವೂ ಹಾಗೇ. ಬೇರೆ ಐಗಳು ಮಕ್ಕಳನ್ನು ಗುಡಿಯ ಕಟ್ಟೆಯ ಮೇಲೆ ಕೂಡಿಸಿ ಮರಳಿನಲ್ಲಿ ಅಕ್ಷರ ತಿದ್ದಿಸುತ್ತಿದ್ದರು. ಇವರು ಮುಂದೆ ಮುಂದೆ ನಡೆಯುವುದು, ಮಕ್ಕಳು ಅಕ್ಷರ ಒದರುತ್ತ ಹಿಂದೆ ಹಿಂದೆ ಓಡುವುದು. ಕುಂಬಾರರ ಓಣಿ, ಬಾವಿ, ತಿಪ್ಪೆ, ತಿರುಗಿ ಕುಂಬಾರರ ಓಣಿ. ಊರ ನಾಯಿಗಳಿಗೂ ಕಾಗುಣಿತ ಬರುತ್ತಿತ್ತು ಅಂತ ನಮ್ಮಜ್ಜ ನಗುತ್ತಿದ್ದ. ದಾರಿಯಲ್ಲೇ ಒಬ್ಬನ ಮುಳ್ಳು ತೆಗೆಯುವುದು, ಒಬ್ಬಳ ಜಡೆ ಬಿಗಿಯುವುದು, ಬೈಯುವುದು, ಮತ್ತೆ ನಡೆಯುವುದು.

ಒಂದು ಊರಲ್ಲಿ ಒಂದು ಸುಗ್ಗಿ ನಿಂತರೆ ಹೆಚ್ಚು. ಹೊಟ್ಟೆಗೆ ಕಡಿಮೆಯಾಗಿ ಅಲ್ಲ, ಒಂದೇ ಒಂದು ಕೊರಗಿಗೆ. ನಾನು ಕಲಿಸಿದ್ದು ಯಾರಿಗಾದರೂ ತಾಗಿತೇ, ಇಲ್ಲ ಗಾಳಿಗೆ ಹೋಯಿತೇ? ಈ ಕೊರಗು ಅವರನ್ನು ಮಲಗಗೊಡುತ್ತಿರಲಿಲ್ಲ. ಗಾಳಿಗೆ ಹೋಯಿತು ಅನಿಸಿದ ಕೂಡಲೇ ಜೋಳಿಗೆ ಹೆಗಲೇರುತ್ತಿತ್ತಂತೆ.

ನಮ್ಮೂರಲ್ಲಿ ಹಾಗೆ ಅನಿಸಿದ್ದು ಬರಮನಿಂದ. ಬರಮ ಅಂದರೆ ಸಂಕವ್ವನ ಒಬ್ಬನೇ ಮಗ. ಸಾಲಿನ ಕಟ್ಟಕಡೆಗೆ ಉಡದಾರ ಹಿಡಿದುಕೊಂಡು ಬರುತ್ತಿದ್ದ. ಬಾಯಿ ಬಿಡುತ್ತಿದ್ದುದು ರೊಟ್ಟಿಗೆ ಮಾತ್ರ. ಐಗಳು ಬೆಲ್ಲ ಕೊಟ್ಟು ನೋಡಿದರು, ಗದರಿ ನೋಡಿದರು, ಹೆಗಲ ಮೇಲೆ ಹೊತ್ತು ತಿರುಗಿ ನೋಡಿದರು. ಹುಡುಗ ಅವರ ಮುಖ ನೋಡುತ್ತಿದ್ದ, ಅಷ್ಟೇ. ಕಡೆಗೆ ಐಗಳು ಸಂಕವ್ವನ ಮನೆಗೆ ಹೋಗಿ, ಇವನಿಗೆ ಕಲಿಸುವುದು ನನ್ನಿಂದ ಆಗದವ್ವಾ ಅಂದರಂತೆ.

"ಅವಂಗ ನಿಮ್ಮ ಹಿಂದ ಬರಾಕ ಸೇರತೈತ್ರೀ ಅಯ್ಯಾರ. ನನಗಷ್ಟ ಸಾಕ್ರಿ" ಅಂದಳಂತೆ ಸಂಕವ್ವ.

ಅವಳಿಗೆ ಸಾಕಾಗಿತ್ತು, ಇವರಿಗೆ ಸಾಕಾಗಬೇಕಲ್ಲ! ಮಾರನೆಯ ದಿನ ಯಾರಿಗೂ ಹೇಳದೆ ಜೋಳಿಗೆ ಹಾಕಿಕೊಂಡು ಹೊರಟೇಬಿಟ್ಟರು. ಹಿಂದೆ ನೋಡಿದರೆ ಕಾಲು ಏಳಲಾರದು ಅಂತ ತಿರುಗಿ ನೋಡಲಿಲ್ಲವಂತೆ. ಬಣಗುಟ್ಟುತ್ತಿದ್ದ ಹಳ್ಳ ದಾಟಿದರು, ಆಚೆ ದಂಡೆಯ ಜಾಲಿ ಪೊದೆಗಳ ಹಿಂದೆ ಹೋಗಿ ಜೋಳಿಗೆಯ ತಂಬಿಗೆ ತೆಗೆದು ನೀರು ಕುಡಿಯಲು ನಿಂತರು. ಆಗ ಬೆನ್ನ ಹಿಂದೆ ಯಾರೋ ಕೆಮ್ಮಿದ ಹಾಗಾಯಿತು.

ನೋಡಿದರೆ ಇಡೀ ಮಕ್ಕಳ ಹಿಂಡು! ಆ ಪಾಪದವಕ್ಕೇನು ಗೊತ್ತು? ಐಗಳು ನಡೆದರೆ ಪಾಠ ಅಂತಲೇ ಅವು ತಿಳಿದಿದ್ದವು. ಇವತ್ತಿನ ಪಾಠ ಸ್ವಲ್ಪ ದೂರ ಇದೆ ಅಂದುಕೊಂಡು, ಬೈಸಿಕೊಳ್ಳಬಾರದೆಂದು ಸದ್ದಿಲ್ಲದೆ ಬೆನ್ನು ಹತ್ತಿದ್ದವು. ಕಡೆಗೆ ಬರಮನೂ ಇದ್ದ, ಉಡದಾರ ಹಿಡಿದುಕೊಂಡು.

ಐಗಳು ಬೈದು ಮುಗಿಸುವುದರೊಳಗೆ ಹಳ್ಳ ಬಂತು. ಮೇಲೆ ಗುಡ್ಡದ ಕಡೆ ಎಲ್ಲೋ ಮಳೆ ಹೊಡೆದಿತ್ತು. ಕಣ್ಣು ಮುಚ್ಚಿ ತೆಗೆಯುವುದರೊಳಗೆ ಕೆಂಪು ನೀರು ಎರಡೂ ದಂಡೆ ತುಂಬಿ ಹರಿಯಿತಂತೆ.

ಇತ್ತ ತಾಯಂದಿರು ಓಡಿ ಬಂದರು. ಮಕ್ಕಳು ಹಳ್ಳದ ಕಡೆ ಹೋದರು ಅಂತ ದನ ಕಾಯುವವರು ಹೇಳಿದ್ದರು. ಬಂದು ನೋಡಿದರೆ ಆಚೆ ಜಾಲಿಯ ಬುಡದವರೆಗೂ ನೀರು, ಜಾಲಿ ಬಿಟ್ಟರೆ ಏನೂ ಕಾಣದು. ದಾಟಿದರೋ, ನಡುವೆ ಸಿಕ್ಕಿದರೋ? ಎಲ್ಲರೂ ಒಟ್ಟಿಗೆ ಹೆಸರು ಹಿಡಿದು ಕೂಗಿದರು. ಆಚೆಯಿಂದ ಮಕ್ಕಳೂ ಒಟ್ಟಿಗೆ ಅತ್ತವು. ಅಳು ಯಾರದಾದರೂ ಅಳುವೇ, ಅದರಲ್ಲಿ ತನ್ನದು ಯಾವುದು ಅಂತ ಯಾವ ತಾಯಿ ಹೇಳಿಯಾಳು?

ಐಗಳಿಗೆ ಅದು ತಿಳಿಯಿತು. ಎಲ್ಲರೂ ಇದ್ದಾರೆ ಅಂತ ತಾವು ಕೂಗಿದರೆ, ತನ್ನ ಕೂಸಿನ ದನಿ ಕೇಳದೆ ಯಾವ ತಾಯಿ ನಂಬಿಯಾಳು? ಹೆಸರು ಕೂಗಿ ಹೇಳಿ ಅಂದರೆ ಹೆದರಿದ ಮಕ್ಕಳಿಗೆ ಬಾಯಿಯೇ ಹೊರಡದು. ನಿದ್ದೆಯಲ್ಲೂ ಬರುವಂಥದ್ದು ಅಕ್ಷರ ಒಂದೇ. ಮಕ್ಕಳನ್ನು ಸಾಲಾಗಿ ನಿಲ್ಲಿಸಿ, ಒಬ್ಬೊಬ್ಬರೇ ಗಂಟಲು ಹರಿಯುವ ಹಾಗೆ ಅ ಆ ಅನ್ನಿರಿ, ಒಬ್ಬರು ಅನ್ನುವಾಗ ಇನ್ನೊಬ್ಬರು ಸುಮ್ಮನಿರಿ ಅಂದರಂತೆ.

ಮೊದಲು ಕಲ್ಲವ್ವ ಅಂದಳು. ನೀರಿನ ಸದ್ದಿನ ಮೇಲೆ ತೇಲಿ ಬಂದ ದನಿ ಕೇಳಿ ಕಲ್ಲವ್ವನ ತಾಯಿ, ಅದು ನಮ್ಮದು, ಅಂದು ಅಲ್ಲೇ ಕುಸಿದು ಕೂತಳು. ಇನ್ನೊಂದು ದನಿ ಬಂತು, ಇನ್ನೊಬ್ಬಳು ಕೂತಳು. ಹೀಗೇ ದನಿ ಬಂದ ಹಾಗೆ ದಂಡೆಯ ತುಂಬ ತಾಯಂದಿರು ಕೂತರು. ನಿಂತವಳು ಸಂಕವ್ವ ಒಬ್ಬಳೇ.

ಆಚೆ ಬರಮ ಬಾಯಿ ಬಿಡಲೊಲ್ಲ. ಐಗಳು ಬೇಡಿಕೊಂಡರು, ಗಲ್ಲ ಹಿಡಿದರು. ಇತ್ತ ಸಂಕವ್ವ ಮೊಣಕಾಲ ಮಟ್ಟ ನೀರಿಗಿಳಿದಿದ್ದಳು, ಗಂಡಸರು ಹಿಡಿದರೂ ನಿಲ್ಲುತ್ತಿರಲಿಲ್ಲ. ಪೊದೆಯ ಸಂದಿಯಿಂದ ಐಗಳಿಗೆ ಅದು ಕಂಡಿತು. ಆ ತಾಯಿ ನೀರಿಗೆ ಬಿದ್ದರೆ ಬೀಳುವುದು ನನ್ನ ಸಲುವಾಗಿ. ಅಷ್ಟು ಹೊಳೆದದ್ದೇ ತಡ, ಬರಮನನ್ನು ತೊಡೆಯ ಮೇಲೆ ಎಳೆದುಕೊಂಡು ಕೆಸರಲ್ಲೇ ಕೂತುಬಿಟ್ಟರು. ತಾವೇ "ಅ" ಅಂದರು. ಮುಂದಿನ ಅಕ್ಷರ ಬರಲಿಲ್ಲ.

ಬರಮ ಅವರ ಮುಖ ನೋಡಿದನಂತೆ. ನೋಡಿ, ಹಳ್ಳದ ಕಡೆ ತಿರುಗಿ, ಶುರು ಮಾಡಿದನಂತೆ.

"ಅ, ಆ! ಎಲ್ಲಿ ನೋಡ್ತಿ, ಇಲ್ಲಿ ನೋಡು! ಇ, ಈ! ಮೂಗ ಒರಸ್ಕೊ! ಉ, ಊ! ಕಲ್ಲೈತಿ, ನೋಡಿ ಕಾಲಿಡು!"

ಒಂದೂ ಬಿಡಲಿಲ್ಲ ಹುಡುಗ. ಕಡೆಯ ಅಕ್ಷರದವರೆಗೆ, ಐಗಳ ಬೈಗಳ ಸಮೇತ, ಐಗಳದೇ ಧಾಟಿಯಲ್ಲಿ ಒಪ್ಪಿಸಿಬಿಟ್ಟ. ಇಷ್ಟು ದಿನ ಹಿಂದೆ ನಡೆಯುತ್ತ ಕೇಳಿದ್ದೆಲ್ಲ ಅವನಿಗೆ ಪಾಠವೇ ಆಗಿತ್ತು. ಯಾವುದು ಅಕ್ಷರ, ಯಾವುದು ಬೈಗಳು ಅಂತ ಅವನಿಗೆ ಯಾರು ಹೇಳಿದ್ದರು? ನೀರಲ್ಲಿ ನಿಂತಿದ್ದ ಸಂಕವ್ವ ಅಳುತ್ತಳುತ್ತ ನಕ್ಕುಬಿಟ್ಟಳಂತೆ. ಆಮೇಲೆ ದಂಡೆಗೆ ಬಂದು ಅವಳೂ ಕೂತಳು.

ಆಚೆ ಐಗಳಿಗೆ ಆದ ಸಂತೋಷವನ್ನು ನಾನೇನು ಹೇಳಲಿ! ಹುಡುಗನನ್ನು ಅವುಚಿಕೊಂಡು ಕೂತರಂತೆ. ಮಕ್ಕಳೆಲ್ಲ ಬಂದು ಬೆನ್ನಿಗೆ, ಭುಜಕ್ಕೆ ಒರಗಿದವು. ಹಳ್ಳ ಇಳಿಯುವ ತನಕ ಅವರು ಏಳಲಿಲ್ಲ.

ದೀಪ ಹಚ್ಚುವ ಹೊತ್ತಿಗೆ ನೀರಿಳಿದು ಎಲ್ಲರೂ ಈಚೆ ಬಂದರು. ಐಗಳನ್ನು ಬಡಿಯಬೇಕು ಅಂದವರೂ ಇದ್ದರಂತೆ, ತಪ್ಪೇನಿಲ್ಲ ಬಿಡಿ. ಐಗಳು ಸಾಯುವ ತನಕ ನಮ್ಮೂರಲ್ಲೇ ಇದ್ದರು ಅಂತಾರೆ. ಕಾಲಿನ ಚಕ್ರ ಮಾತ್ರ ನಿಲ್ಲಲಿಲ್ಲ. ಆಗಾಗ ಜೋಳಿಗೆ ಹಾಕಿಕೊಂಡು ಹಳ್ಳದವರೆಗೆ ದುಡುದುಡು ಹೋಗುವರಂತೆ. ಅಲ್ಲಿ ನಿಂತು ಹಿಂದೆ ತಿರುಗಿ, ಬೆನ್ನು ಹತ್ತಿದ ಮಕ್ಕಳನ್ನು ಬೈಯುತ್ತ ವಾಪಸು ಬರುವರಂತೆ.

ಇವತ್ತಿಗೂ ನಮ್ಮೂರ ಸಾಲೆಯ ಮುಂದೆ ಹೋದರೆ ಕೇಳಿ ನೋಡಿ. ಹೊಸದಾಗಿ ಬಂದ ಮಾಸ್ತರರು ಎಷ್ಟು ತಿದ್ದಿದರೂ ಅಷ್ಟೇ, ಮರುವರ್ಷ ಅವರೂ ಹಾಗೇ ಹೇಳಿಕೊಡುತ್ತಾರೆ. ಅ ಆ, ಇ ಈ ಆದ ಕೂಡಲೇ ಇಡೀ ಸಾಲೆ ಒಟ್ಟಿಗೆ "ಮೂಗ ಒರಸ್ಕೊ" ಅನ್ನುತ್ತದೆ. ಅಂದು, ಮೂಗು ಸೋರದ ಮಕ್ಕಳೂ ಒರಸಿಕೊಳ್ಳುತ್ತವೆ.