ಬೆನ್ನ ಮೇಲಿನ ಹೆಸರು

ಒಂದೂರಿನ ಕಾಲೇಜಿನಲ್ಲಿ ಹೊನ್ನೂರಸಾಬ ಎಂಬ ಮೈದಾನದ ಜವಾನನಿದ್ದ. ಆ ವರ್ಷ ಆಟೋಟಕ್ಕೆಂದು ಬಂದ ಹಣವನ್ನೆಲ್ಲ ಆಡಳಿತ ಮಂಡಳಿಯ ಅಧ್ಯಕ್ಷ ವೀರಭದ್ರಗೌಡರು ಜರ್ಸಿಗೇ ಸುರಿದುಬಿಟ್ಟರು. ಪ್ರತಿ ಜರ್ಸಿಯ ಬೆನ್ನ ಮೇಲೂ ಅವರದೇ ಹೆಸರು, ದಪ್ಪಕ್ಷರದಲ್ಲಿ. ಓಡುವ ಹುಡುಗಿಯರಿಗೆ ಬೂಟು ಮಾತ್ರ ಇಲ್ಲ. ಬರಿಗಾಲಲ್ಲಿ ಓಡಿ ಓಡಿ ಅವರಲ್ಲೊಬ್ಬಳಾದ ದುರುಗಮ್ಮನ ಅಂಗಾಲು ಹುಣ್ಣಾಗಿತ್ತು.

"ಬೂಟು ಅಂದ್ರ ಓಟದ ತಂಡಾನ ಮುಚ್ಚಿಸ್ತೀನಿ!" ಎಂದು ಗೌಡರು ಗುಡುಗಿದ್ದರು.

ಹೊನ್ನೂರಸಾಬ ಬೂಟಿನ ಮಾತೇ ಎತ್ತಲಿಲ್ಲ. ಗೌಡರು ಮೈದಾನಕ್ಕೆ ಬಂದಾಗ ಕೈಕಟ್ಟಿ ಕೇಳಿದ: "ಧಣೇರ, ಓಟದಾಗ ಬೆನ್ನ ಮ್ಯಾಲಿನ ಹೆಸರು ಯಾರಿಗೆ ಕಾಣ್ತೈತ್ರಿ?"

"ಎಲ್ಲರಿಗೂ!"

"ಹಿಂದ ಓಡೋರಿಗೆ ಅಷ್ಟ ಅಲ್ರೀ?"

ಗೌಡರಿಗೆ ಕುತೂಹಲ ತಡೆಯಲಿಲ್ಲ. ದುರುಗಮ್ಮನನ್ನು ಓಡಿಸಿ, ಧೋತರ ಎತ್ತಿಕಟ್ಟಿ ತಾವೇ ಹಿಂದೆ ಓಡಿದರು. ಆಕೆ ಕುಂಟುತ್ತಿದ್ದಳು. ಅರೆಗಳಿಗೆಯಲ್ಲಿ ಗೌಡರೇ ಆಕೆಯನ್ನು ದಾಟಿದರು. ಹೆಸರು ಮಾಯ!

"ಈಕಿ ಕೊನಿಗೆ ಬಂದ್ರ ಹೆಸರು ಓದಾಕ ಹಿಂದ ಯಾರೂ ಇರಂಗಿಲ್ರಿ. ಮೊದಲ ಬಂದ್ರ ಎಲ್ಲರೂ ಓದ್ತಾರ್ರಿ."

"ಮೊದಲ ಬರಾಕ ಏನ್ ಬೇಕಲೇ?" ಗೌಡರು ಏದುಸಿರು ಬಿಡುತ್ತ ಕೇಳಿದರು.

ಹೊನ್ನೂರಸಾಬ ದುರುಗಮ್ಮನ ಕಾಲು ನೋಡಿದ. ಗೌಡರೂ ನೋಡಿದರು. ಮರುದಿನವೇ ಬೂಟು ಬಂತು.

ಕಾಲು ಮಾಯ್ದ ಮೇಲೆ ದುರುಗಮ್ಮ ಜಿಲ್ಲಾ ಓಟ ಗೆದ್ದಳು. ಗೌಡರು ಹಿಗ್ಗಿ ಹೀರೇಕಾಯಿಯಾದರು. ಆಮೇಲೆ ಹೊನ್ನೂರಸಾಬನನ್ನು ಮೆಲ್ಲಗೆ ಬದಿಗೆ ಕರೆದು, "ಕುಸ್ತಿಯವರಿಗೂ ಅದ ಜರ್ಸಿ ಕೊಟ್ಟೀನಲ್ಲೋ, ಅವರ ಕಥಿ?" ಎಂದರು.

"ಅವರು ಸೋತ್ರ ಬೆನ್ನು ಮಣ್ಣಿಗೆ ಹತ್ತತೈತ್ರಿ, ಧಣೇರ."

ಅಂದಿನಿಂದ ಕುಸ್ತಿ ತಂಡಕ್ಕೆ ದಿನಾ ಹಾಲು, ಬಾದಾಮಿ.