ಆರನೆಯ ಸಹಿ

ಕೈಯಲ್ಲಿ ಹಿಡಿದು ನೋಡದ ಚಿತ್ರಕ್ಕೆ ಸಾಕ್ಷಿ ಸಹಿ ಹಾಕಬಾರದು. ಮೈಸೂರಿನ ಒಂದು ಚಿತ್ರಸಂಗ್ರಾಹಕರ ಕೂಟಕ್ಕೆ ಇದ್ದದ್ದು ಇದೊಂದೇ ನಿಯಮ. ಆರು ಜನ ಸದಸ್ಯರು ಕೂತು ತಾವೇ ಮಾಡಿಕೊಂಡದ್ದು. ಅದನ್ನು ಐವರು ಒಂದೇ ಭಾನುವಾರ, ಕಾಫಿ ಆರುವುದರೊಳಗೆ ಮುರಿದರು.

ಈ ಕೂಟದವರು ಸಂಗ್ರಹಿಸುತ್ತಿದ್ದದ್ದು ಒಬ್ಬನೇ ಕಲಾವಿದನ ಕೆಲಸವನ್ನು. ಅವನು ವಿಲ್ಫ್ರೆಡ್ ಕಾಟರ್ ಎಂಬ ಬ್ರಿಟಿಷ್ ಕಲಾವಿದ. ನೂರು ವರ್ಷಗಳ ಹಿಂದೆ ಮೈಸೂರು ಸೀಮೆಯಲ್ಲಿ ಓಡಾಡಿ ಕೆರೆ, ಸಂತೆ, ಮಂಟಪಗಳನ್ನು ಚಿತ್ರಿಸಿದ್ದ. ಪೆನ್ಸಿಲ್ ಚಿತ್ರಗಳೂ ಇದ್ದವು, ಎಚಿಂಗ್‌ಗಳೂ ಇದ್ದವು. ಎಚಿಂಗ್ ಎಂದರೆ ಮೇಣ ಬಳಿದ ತಾಮ್ರದ ತಗಡಿನ ಮೇಲೆ ಸೂಜಿಯಿಂದ ಗೀರಿ, ಆಸಿಡ್ಡಿನಲ್ಲಿ ಅದ್ದಿ, ಮಸಿ ತುಂಬಿ, ಕಾಗದಕ್ಕೆ ಒತ್ತಿದ ಚಿತ್ರ. ತಗಡು ಒತ್ತಿದ ಅಂಚು ಕಾಗದದಲ್ಲಿ ತಗ್ಗಾಗಿ ಉಳಿಯುತ್ತದೆ. ಬೆರಳಾಡಿಸಿದರೆ ತಿಳಿಯುತ್ತದೆ. ಗಾಜಿನ ಹಿಂದೆ ಇಟ್ಟರೆ ಅಸಲಿಯೂ ಒಂದೇ, ಅದರ ನಕಲೂ ಒಂದೇ.

ಸದಸ್ಯರಲ್ಲಿ ಗುರುಸಿದ್ದಯ್ಯ ಎಂಬವರೊಬ್ಬರು. ಮೂವತ್ತು ವರ್ಷ ಮುದ್ರಣಾಲಯದಲ್ಲಿ ದುಡಿದು ನಿವೃತ್ತರಾದವರು. ಮದುವೆಯಾಗಿರಲಿಲ್ಲ. ಒಂದು ಕೋಣೆಯ ಮನೆ. ವಾರದ ಆರು ದಿನ ಅವರ ಬಾಯಿಂದ ಹೊರಡುತ್ತಿದ್ದದ್ದು ಹಾಲಿನ ಬೂತಿನಲ್ಲಿ ಹೇಳುವ "ಅರ್ಧ ಲೀಟರ್" ಎಂಬ ಮಾತೊಂದೇ. ಏಳನೆಯ ದಿನ, ಭಾನುವಾರ, ಇನ್ನೊಬ್ಬ ಸದಸ್ಯರಾದ ಉತ್ತಯ್ಯನವರ ಮನೆಯಲ್ಲಿ ಕೂಟ. ಅಲ್ಲಿ ಅವರನ್ನು ಹೆಸರು ಹಿಡಿದು ಕರೆಯುವವರಿದ್ದರು. ಮಧ್ಯಾಹ್ನ ಎಲ್ಲರ ಜೊತೆ ಊಟವೂ ಇತ್ತು.

ಕಾಟರನ ಹನ್ನೆರಡು ಎಚಿಂಗ್‌ಗಳ ಒಂದು ಮಾಲೆಯಲ್ಲಿ ಹನ್ನೊಂದು ಕೂಟದ ಬಳಿ ಇದ್ದವು. ಹನ್ನೆರಡನೆಯದು ಆ ಭಾನುವಾರ ಬಂತು. ಉತ್ತಯ್ಯನವರೇ ಲಂಡನ್ನಿನಿಂದ ತರಿಸಿದ್ದರು. ಗಾಜು, ಫ್ರೇಮು ಹಾಕಿ, ಹಿಂಬದಿಗೆ ಕಂದು ಕಾಗದ ಅಂಟಿಸಿಯೇ ಬಂದಿತ್ತು. ಒಂದು ಸಂಗ್ರಹಾಲಯದವರು ಹನ್ನೆರಡನ್ನೂ ಪ್ರದರ್ಶನಕ್ಕಿಡಲು ಕಾದಿದ್ದರು. ಅವರು ಕೇಳಿದ್ದು ಇಷ್ಟೇ: ಆರೂ ಸದಸ್ಯರು "ನಾವು ನೋಡಿದ್ದೇವೆ, ಅಸಲಿ" ಎಂಬ ಪತ್ರಕ್ಕೆ ಸಹಿ ಹಾಕಿಕೊಡಬೇಕು.

ಉತ್ತಯ್ಯ ಮೊದಲು ಹಾಕಿದರು. ಅವರು ಹಾಕಿದ್ದಾರಲ್ಲ ಎಂದು ಎರಡನೆಯವರು. ಇಬ್ಬರು ಹಾಕಿದ್ದಾರಲ್ಲ ಎಂದು ಮೂರನೆಯವರು. ಉಳಿದಿಬ್ಬರು ಪತ್ರ ಓದಲೂ ಇಲ್ಲ. ಪೆನ್ನು ಗುರುಸಿದ್ದಯ್ಯನವರ ಕೈಗೆ ಬಂತು.

"ಫ್ರೇಮು ಬಿಚ್ಚೋಣ," ಎಂದರು ಅವರು.

"ಬಿಚ್ಚಿದ್ರೆ ಹಿಂದಿನ ಕಾಗದ ಹರಿಯುತ್ತಲ್ರೀ," ಎಂದರು ಉತ್ತಯ್ಯ. "ಮತ್ತೆ ಅಂಟಿಸೋರ್ಯಾರು? ಶುಕ್ರವಾರ ಕಳಿಸ್ಬೇಕು."

"ನಾನೇ ಅಂಟಿಸ್ತೀನಿ. ನಾಳೆ ಬೆಳಿಗ್ಗೆ ಬರ್ತೀನಿ."

ಸಹಿ ಹಾಕಿದ ಐವರಲ್ಲೊಬ್ಬರಾದ ಲಾಯರ್ ತಿರುನಾರಾಯಣ ಕಾಫಿ ಲೋಟ ಕೆಳಗಿಟ್ಟರು. "ಇವರಿಗೆ ಯಾಕೆ ಮದುವೆ ಆಗಲಿಲ್ಲ ಅಂತ ಈಗ ಗೊತ್ತಾಯ್ತು ನೋಡಿ. ಹೆಣ್ಣು ನೋಡೋಕೂ ಭೂತಗನ್ನಡಿ ತಗೊಂಡೇ ಹೋಗಿರ್ಬೇಕು."

ಎಲ್ಲರೂ ನಕ್ಕರು. ಗುರುಸಿದ್ದಯ್ಯನವರೂ ನಕ್ಕರು. ಪೆನ್ನಿನ ಮುಚ್ಚಳ ಮಾತ್ರ ತೆಗೆಯಲಿಲ್ಲ.

ಉತ್ತಯ್ಯನವರ ಮುಖ ಸಣ್ಣದಾಯಿತು. "ಅಂದ್ರೆ ನನ್ನ ಮೇಲೆ ನಂಬಿಕೆ ಇಲ್ಲ."

"ನಿಮ್ಮ ಮೇಲಿದೆ ಸಾರ್. ಹಾಳೆ ನೋಡಿಲ್ಲ. ನೋಡಿದ್ದೀನಿ ಅಂತ ಹೇಗೆ ಬರೀಲಿ?"

ಆ ದಿನ ಊಟಕ್ಕೆ ಏಳಿ ಎಂದು ಅವರಿಗೆ ಯಾರೂ ಹೇಳಲಿಲ್ಲ. ಅವರು ಚಪ್ಪಲಿ ಮೆಟ್ಟಿ ಹೊರಟಾಗ ಒಳಗೆ ಎಲೆ ಹಾಕುತ್ತಿದ್ದರು.

ಗುರುವಾರ ಸಂಜೆ ಫೋನ್ ಬಂತು. "ಹಲೋ" ಎನ್ನಲು ಅವರು ಎರಡು ಸಲ ಗಂಟಲು ಸರಿಮಾಡಿಕೊಳ್ಳಬೇಕಾಯಿತು.

"ಮನಸ್ಸಿಗೆ ಹಚ್ಕೋಬೇಡಿ ಗುರುಸಿದ್ದಯ್ಯನೋರೇ," ಎಂದರು ಉತ್ತಯ್ಯ. ದನಿ ಮೆತ್ತಗಿತ್ತು. "ನಿಮ್ಮದೊಂದೇ ಬಾಕಿ. ಬಂದು ಹಾಕ್ಬಿಡಿ, ಭಾನುವಾರ ಎಂದಿನ ಹಾಗೆ ಕೂರೋಣ. ಇಲ್ಲಾಂದ್ರೆ ಆರನೆಯವರಾಗಿ ಬೇರೆ ಯಾರನ್ನಾದ್ರೂ ಸೇರಿಸ್ಕೊಳ್ಳೋಣ ಅಂತಾರೆ ಇವರೆಲ್ಲ. ನನಗಂತೂ ಅದು ಇಷ್ಟ ಇಲ್ಲ."

ಗುರುಸಿದ್ದಯ್ಯ ಕೋಣೆಯತ್ತ ನೋಡಿದರು. ಮನೆಯಲ್ಲಿ ಒಂದು ಕುರ್ಚಿ, ಒಂದು ತಟ್ಟೆ, ಒಂದು ಲೋಟ. ಈ ಫೋನ್ ಇಟ್ಟರೆ ಮತ್ತೆ ಯಾರೂ ಮಾಡುವವರಿಲ್ಲ ಎಂದು ಅವರಿಗೆ ಚೆನ್ನಾಗಿ ಗೊತ್ತಿತ್ತು.

"ಫ್ರೇಮು ಬಿಚ್ಚಿದ್ರಾ ಸಾರ್?"

"ಇಲ್ಲ ಕಣ್ರೀ. ಮತ್ತೆ ಅದೇ ಮಾತು."

"ಹಾಗಾದ್ರೆ ಬೇರೆಯವರನ್ನ ಸೇರಿಸ್ಕೊಳ್ಳಿ," ಎಂದು ಹೇಳಿ ಗುರುಸಿದ್ದಯ್ಯ ಫೋನ್ ಇಟ್ಟರು.

ನೀತಿ: ಆ ಹಾಳೆ ಅಸಲಿಯೇ ಇದ್ದಿರಬಹುದು. ಆದರೂ ಐವರು ಬರೆದುಕೊಟ್ಟದ್ದು ಸುಳ್ಳು. ನೋಡದೆ "ನೋಡಿದ್ದೇನೆ" ಎನ್ನಬೇಡಿ. ಹಾಗೆ ಅನ್ನದಿದ್ದಕ್ಕೆ ಒಬ್ಬರೇ ಉಳಿಯಬೇಕಾಗಿ ಬಂದರೆ, ಒಬ್ಬರೇ ಉಳಿಯಿರಿ.