ದಿಕ್ಕು ಮರೆತ ಗಡಿಯಾರ

ಹೊಳೆ ಎರಡು ಸೀಳಾಗಿ ಮತ್ತೆ ಒಂದಾಗುವ ಕಡೆ ಒಂದು ಆಶ್ರಮವಿತ್ತು. ಅಲ್ಲಿ ನಿರ್ವಾಣಯ್ಯ ಅಂತ ಗುರುಗಳು. ಕಣ್ಣಿಗೆ ಪೊರೆ ಬಂದು ಎದುರಿಗಿದ್ದವರ ಮುಖವೂ ಅವರಿಗೆ ಮಸುಕು. ಶರಭ ಅಂತ ಒಬ್ಬನೇ ಶಿಷ್ಯ.

ಶರಭನ ಕೈಯಲ್ಲಿ ಒಂದು ಸ್ಮಾರ್ಟ್‌ವಾಚ್. ಅದು ನಡೆದ ಹೆಜ್ಜೆ ಹೇಳುತ್ತಿತ್ತು, ಎದೆಬಡಿತ ಹೇಳುತ್ತಿತ್ತು, ದಿಕ್ಕನ್ನೂ ತೋರಿಸುತ್ತಿತ್ತು.

ನಡುಗಡ್ಡೆಯಲ್ಲಿ ಆಡು ಮೇಯಿಸುವ ತಿಪ್ಪವ್ವ ಮೂರು ದಿನದಿಂದ ಜ್ವರ ಹಿಡಿದು ಮಲಗಿದ್ದಳು. ಗಂಜಿ, ಮಾತ್ರೆ ಶರಭನೇ ಒಯ್ಯಬೇಕು. ಆಶ್ರಮದ ಹೊಳೆಮೆಟ್ಟಿಲಿನಿಂದ ನೇರ ಉತ್ತರಕ್ಕೆ ನಡೆದರೆ ಮೊಣಕಾಲುದ್ದ ನೀರು. ಪಕ್ಕಕ್ಕೆ ತಪ್ಪಿದರೆ ಆನೆ ಮುಳುಗುವಂಥ ಮಡು.

ನಾಲ್ಕನೆಯ ಬೆಳಗ್ಗೆ ಮಂಜು ಇಳಿಯಿತು. ಎಂಥ ಮಂಜು ಅಂದರೆ, ನಾಲ್ಕು ಹೆಜ್ಜೆ ಆಚೆಯ ಬಾವಿಕಟ್ಟೆ ಕಾಣದು. ಹಿಂದಿನ ಸಂಜೆಯೇ ತಿಪ್ಪವ್ವನ ಜ್ವರ ನೆತ್ತಿಗೇರಿತ್ತು. ಮಂಜು ಕರಗಲಿ ಅಂತ ಕಾಯುವ ಹಾಗಿರಲಿಲ್ಲ.

ಶರಭ ಗಡಿಯಾರ ನೋಡಿದ. ದಿಕ್ಕಿನ ಮುಳ್ಳು ಬುಗುರಿಯ ಹಾಗೆ ತಿರುಗುತ್ತಿತ್ತು.

"ಗುರುಗಳೇ, ಇದಕ್ಕೆ ಹುಚ್ಚು ಹಿಡಿದಿದೆ!"

"ನಿನ್ನೆ ಏನು ಮಾಡಿದೆ ಅದಕ್ಕೆ?"

"ಕಬ್ಬಿಣದ ಬಕೆಟ್ಟು ಬಾವಿಗೆ ಬಿತ್ತಲ್ಲ, ಪಾತಾಳಗರಡಿಯ ಕೊಕ್ಕೆಗೆ ಸಿಗಲೇ ಇಲ್ಲ. ಕೆಟ್ಟ ಲೌಡ್‌ಸ್ಪೀಕರ್ ಒಡೆದು, ಒಳಗಿನ ಸೂಜಿಗಲ್ಲು ಹಗ್ಗಕ್ಕೆ ಕಟ್ಟಿ ಬಿಟ್ಟೆ. ಬಕೆಟ್ಟು ಟಕ್ಕಂತ ಅಂಟಿಕೊಂಡು ಬಂತು! ಆಮೇಲೆ ಆ ಕಲ್ಲು ಗಡಿಯಾರಕ್ಕೂ ಕಚ್ಚಿಕೊಂಡಿತು."

"ಏನೇನು ಮದ್ದು ಮಾಡಿದೆ?"

"ಒರೆಸಿದೆ. ಆರಿಸಿ ಮತ್ತೆ ಹಚ್ಚಿದೆ, ಎರಡು ಸಲ. ನಿಮ್ಮ ಹೆಸರನ್ನೂ ಹೇಳಿದೆ."

"ನನ್ನ ಹೆಸರಿಗೆ ನಮ್ಮ ನಾಯಿಯೇ ತಿರುಗಿ ನೋಡೋದಿಲ್ಲ. ಆ ಕಲ್ಲು ಎಲ್ಲಿದೆ ಈಗ?"

ಶರಭ ಪಂಚೆಯ ಮಡಿಕೆ ಮುಟ್ಟಿಕೊಂಡ. "ಸೊಂಟದಲ್ಲೇ ಇದೆ. ಮತ್ತೆ ಬಕೆಟ್ಟು ಬಿದ್ದರೆ ಬೇಕಾಗುತ್ತಲ್ಲ ಅಂತ..."

ಗುರುಗಳು ಕೆಮ್ಮು ಬರುವ ತನಕ ನಕ್ಕರು. "ಹೋಗು, ಬಾವಿಕಟ್ಟೆಯ ಮೇಲಿಟ್ಟು ದೂರ ಬಾ."

ಇಟ್ಟು ಬಂದ. ಮುಳ್ಳು ನಿಂತಿತು. ಆದರೆ ಪೂರ್ವಕ್ಕಿದ್ದ ಅಡುಗೆಮನೆಯನ್ನೇ ಉತ್ತರ ಅನ್ನುತ್ತಿತ್ತು.

"ಪಾಪ, ಅದರ ಕಿವಿ ಇನ್ನೂ ಗುಂಯ್ ಅನ್ನುತ್ತಿದೆ," ಅಂದರು ಗುರುಗಳು. "ಅದು ನಿನಗೇನೂ ಹೇಳುತ್ತಿಲ್ಲವಾ?"

"ಕೈಯನ್ನು ಇಂಗ್ಲಿಷ್ ಎಂಟರ ಹಾಗೆ ಸುತ್ತು ಅಂತ ಚಿತ್ರ ತೋರಿಸುತ್ತಿದೆ. ಹುಚ್ಚಿನ ಮಾತು ಅಂತ ಬಿಟ್ಟೆ."

"ಕಾಯಿಲೆಯವರು ಹೇಳಿದ್ದನ್ನೂ ಒಂಚೂರು ಕೇಳಬೇಕಪ್ಪ."

ಶರಭ ಕೈ ಸುತ್ತಿದ. ನಾಲ್ಕು ಸಲ, ಎಂಟು ಸಲ. ಮುಳ್ಳು ನಡುಗಿತು, ಮೆಲ್ಲಗೆ ಹೊರಳಿತು, ಹೊಳೆಯ ಕಡೆ ನಿಂತಿತು. ಮೆಟ್ಟಿಲ ಸಾಲಿಗೆ ಇಟ್ಟು ನೋಡಿದ. ಕೂದಲಷ್ಟೂ ಓರೆಯಿಲ್ಲ.

ಗಂಜಿಯ ತಂಬಿಗೆ ಎದೆಗವಚಿಕೊಂಡು ನೀರಿಗಿಳಿದ.

ನಡುನೀರಿನಲ್ಲಿ ಹಿಂದೂ ಇಲ್ಲ, ಮುಂದೂ ಇಲ್ಲ, ಬರೀ ಬಿಳುಪು. ಶರಭ ಹೆದರಿ ಎಡಕ್ಕೆ ಹೊರಳಿದ. ಮುಳ್ಳು ಹೊರಳಲಿಲ್ಲ. ಬಲಕ್ಕೆ ಹೊರಳಿದ. ಆಗಲೂ ಇಲ್ಲ. ಯಾರೋ ಅದರ ತುದಿಯನ್ನು ಎರಡೇ ಬೆರಳಲ್ಲಿ ಹಿಡಿದುಕೊಂಡ ಹಾಗೆ ಅಲ್ಲೇ ಇತ್ತು. ಶರಭ ಅದು ತೋರಿದತ್ತ ಒಂದೊಂದೇ ಹೆಜ್ಜೆ ಇಟ್ಟ.

ಆಡು ಅರಚಿದ್ದು ಕೇಳಿಸಿತು.

ತಿಪ್ಪವ್ವ ಮಾತ್ರೆ ನುಂಗಿ, ಗಂಜಿ ಕುಡಿದು, "ಉಪ್ಪು ಕಮ್ಮಿಯಾಯ್ತಲ್ಲೋ," ಅಂದಳು. ಬದುಕಿದಳು ಅಂತ ಶರಭನಿಗೆ ಆಗಲೇ ಗೊತ್ತಾಯಿತು.

ಬಿಸಿಲೇರಿದ ಮೇಲೆ ಮರಳಿ ಬಂದು, ಗುರುಗಳ ಎದುರು ಬರೀ ನೆಲದ ಮೇಲೆ ದೊಪ್ಪನೆ ಕೂತ.

"ಗುರುಗಳೇ, ಆ ಕಲ್ಲು ಬಕೆಟ್ಟನ್ನೇ ಎಳೆಯಿತು. ಅದರ ಬಲ ಕಣ್ಣಾರೆ ಕಂಡೆ. ಮಂಜಿನಲ್ಲಿ ಯಾರೂ ಇರಲಿಲ್ಲ. ಈ ಮುಳ್ಳನ್ನು ಅಷ್ಟು ಮೆತ್ತಗೆ ಹಿಡಿದವರು ಯಾರು? ನಿನ್ನೆಯೂ ಇದ್ದರಾ?"

ಗುರುಗಳು ಬಗ್ಗಿ, ಮಲಗಿದ ಹಸುವಿನ ಬೆನ್ನು ಸವರುವ ಹಾಗೆ ನೆಲವನ್ನು ಅಂಗೈಯಿಂದ ಸವರಿದರು.

"ಮೆಲ್ಲಗೆ ಕೂರು ಮಗಾ. ಅವಳ ಮೇಲೇ ಕೂತಿದ್ದೀಯ."